ಫಾರ್ಮ್ಯಾಟ್ ಮಾಡದೆ ನನ್ನ ಫೈಲ್ ತಂದುಕೊಟ್ಟ ಕಲ್ಸಂಕದ ರಿಪೇರಿ ಅಂಗಡಿ

ಐದಕ್ಕೆ ಐದು ಸ್ಟಾರ್. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್‌ನ ಸಂಗ್ರಹದಲ್ಲಿ ಇರುವ ಫೈಲ್ ಕಂಪ್ಯೂಟರಿಗೆ ಇಳಿಯದೆ ಒದ್ದಾಡುವವರು ಉಡುಪಿಯಲ್ಲಿ ನಾನೊಬ್ಬಳೇ ಅಲ್ಲ ಅಂತ ಅಲ್ಲಿ ಕೂತಿದ್ದಾಗ ಗೊತ್ತಾಯಿತು.

ನಾನು ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕಾಗದ, ಯಕ್ಷಗಾನದ ಕರಪತ್ರ, ದೇವಸ್ಥಾನದ ಆಮಂತ್ರಣ, ಇಂಥದ್ದು. ಈ ಏಪ್ರಿಲ್‌ನಲ್ಲಿ ನಮ್ಮೂರ ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ ನನ್ನ ಪಾಲಿಗೆ ಬಂದಿತ್ತು. ಸಮಿತಿಯವರು ಕ್ಲೌಡ್‌ನಲ್ಲಿ ಒಂದು ಫೋಲ್ಡರ್ ಮಾಡಿ ಎಲ್ಲರಿಗೂ ಶೇರ್ ಮಾಡಿದ್ದರು. ಲೇಖನ, ಜಾಹೀರಾತು, 12 ವರ್ಷದ ಹಿಂದಿನ ಬ್ರಹ್ಮಕಲಶದ ಹೊರೆಕಾಣಿಕೆ ಫೋಟೋ, ಎಲ್ಲ ಅದರಲ್ಲೇ. ಮುಂಬೈಯಲ್ಲಿರುವ ಊರಿನವರು ಮ್ಯಾಕ್‌ನಿಂದ ಹಾಕುತ್ತಿದ್ದರು, ಇಲ್ಲಿಯವರು ಮೊಬೈಲಿನಿಂದ.

ಪ್ರೆಸ್‌ಗೆ ಕೊಡಲು ನಾಲ್ಕೇ ದಿನ ಇತ್ತು. ಮೊಬೈಲಿನಲ್ಲಿ ನೋಡಿದರೆ ಎಲ್ಲ ಫೈಲ್ ಉಂಟು, ಲ್ಯಾಪ್‌ಟಾಪಿನಲ್ಲಿ ಅರ್ಧ ಇಲ್ಲ. ಪರದೆಯ ಕೆಳಗಿನ ಮೂಲೆಯ ಕ್ಲೌಡ್ ಚಿಹ್ನೆಯಲ್ಲಿ ಒಂದು ದಿನ ಬಾಣ ಸುತ್ತುತ್ತದೆ, ಇನ್ನೊಂದು ದಿನ ಅದೂ ಇಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಜನರ ಮನೆಯ ಆಲ್ಬಮ್‌ನಿಂದ ತೆಗೆದು ಸ್ಕ್ಯಾನ್ ಮಾಡಿದ ಫೋಟೋಗಳು ಅವು.

ಮೊದಲು ಬೇರೆ ಒಂದು ಕಡೆ ಹೋಗಿದ್ದೆ. ಅಲ್ಲಿಯವರು ಲ್ಯಾಪ್‌ಟಾಪ್ ತೆರೆದು ಎರಡು ನಿಮಿಷ ನೋಡಿ, ಈ ಫೋಲ್ಡರ್ ಪೂರ್ತಿ ಡಿಲೀಟ್ ಮಾಡಿ ಹೊಸದಾಗಿ ಇಳಿಸುವ, ಆಗದಿದ್ದರೆ ಫಾರ್ಮ್ಯಾಟ್ ಹೊಡೆಯುವ (ಡಿಸ್ಕ್ ಪೂರ್ತಿ ಅಳಿಸುವ) ಅಂದರು. ನನಗೆ ಯಾಕೋ ಹೆದರಿಕೆಯಾಗಿ ಎತ್ತಿಕೊಂಡು ಬಂದೆ. ಬಂದದ್ದೇ ಒಳ್ಳೆಯದಾಯಿತು. ಸಿಂಕ್ ಆಗುತ್ತಿರುವ, ಅಂದರೆ ಕ್ಲೌಡ್ ಮತ್ತು ಕಂಪ್ಯೂಟರ್ ಎರಡರಲ್ಲೂ ತಾನಾಗಿಯೇ ಒಂದೇ ಥರ ಇರುವ ಫೋಲ್ಡರಿನಿಂದ ಅಳಿಸಿದರೆ ಕ್ಲೌಡ್‌ನಲ್ಲಿರುವುದೂ ಅಳಿಸಿ ಹೋಗುತ್ತದೆ. ಅದು ಬರೀ ಪ್ರತಿ ಅಲ್ಲ, ಎರಡೂ ಕಡೆ ಒಂದೇ ಫೈಲ್ ಇದ್ದ ಹಾಗೆ. ಗೂಗಲ್ ಡ್ರೈವ್‌ನ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಅದೂ ಖಾಲಿ. ಇದನ್ನು ನನಗೆ ಬಿಡಿಸಿ ಹೇಳಿದವರು ಈ ಕಲ್ಸಂಕದ ಅಂಗಡಿಯವರು.

ಅಂಗಡಿ ಚಿಕ್ಕದು. ಒಬ್ಬರು ಯಜಮಾನರು, ಒಬ್ಬ ಹುಡುಗ. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿ ಮುಗಿಸಿದೆ. ಅವರು ಪೂರ್ತಿ ಕೇಳಿದರು, ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕ, ಮೇಲಿಂದ ಕೆಳಗೆ ಬರುವುದಿಲ್ಲವಾ, ಕೆಳಗಿಂದ ಮೇಲೆ ಹೋಗುವುದಿಲ್ಲವಾ?"

ಈ ಪ್ರಶ್ನೆಯನ್ನು ಬೇರೆ ಯಾರೂ ಕೇಳಿರಲಿಲ್ಲ. ಕಂಪ್ಯೂಟರಿನಿಂದ ಕ್ಲೌಡ್‌ಗೆ ಹೋಗದಿದ್ದರೆ ಮೊದಲು ನೋಡಬೇಕಾದ್ದು ಮೇಲೆ ಜಾಗ ಉಂಟಾ ಅಂತ. ಗೂಗಲ್‌ನಲ್ಲಿ ಉಚಿತವಾಗಿ ಸಿಗುವುದು 15 ಜಿಬಿ, ಅದರಲ್ಲೇ ಜಿಮೇಲ್, ಫೋಟೋ ಎಲ್ಲ ಸೇರಿತು. ಇಂಥದ್ದೇ ಬೇರೆ ಕ್ಲೌಡ್ ಸೇವೆಗಳಾದ ಒನ್‌ಡ್ರೈವ್‌ನಲ್ಲಿ 5 ಜಿಬಿ, ಡ್ರಾಪ್‌ಬಾಕ್ಸ್‌ನಲ್ಲಿ 2 ಜಿಬಿ. ನನ್ನದು ಕೆಳಗೆ ಬಾರದ ತೊಂದರೆ, ಹಾಗಾಗಿ ಹುಡುಕಬೇಕಾದ್ದು ನನ್ನ ಲ್ಯಾಪ್‌ಟಾಪಿನಲ್ಲೇ. ಬ್ರೌಸರ್‌ನಲ್ಲಿ ಲಾಗಿನ್ ಮಾಡಿಸಿ, ಫೋಲ್ಡರ್ ತೆರೆದು, ಪರದೆ ನನ್ನ ಕಡೆ ತಿರುಗಿಸಿದರು. "ನೋಡಿ, ಎಲ್ಲ ಉಂಟು. ಎಂತದೂ ಹೋಗಲಿಲ್ಲ, ಹೆದರಬೇಡಿ." ಆ ಮಾತಿಗೇ ನನಗೆ ಅರ್ಧ ಜೀವ ಬಂತು.

ಮತ್ತೆ ಯಾವುದನ್ನೂ ಮುಟ್ಟುವ ಮೊದಲು ಬ್ರೌಸರ್‌ನಿಂದಲೇ ಪೂರ್ತಿ ಫೋಲ್ಡರ್ ಡೌನ್‌ಲೋಡ್ ಮಾಡಿ ನನ್ನ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿಸಿದರು. ಅದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಅವಸರ ಮಾಡಲಿಲ್ಲ. ನಾನು ಐದು ಸ್ಟಾರ್ ಕೊಟ್ಟದ್ದು ಮುಖ್ಯವಾಗಿ ಈ ಮುಕ್ಕಾಲು ಗಂಟೆಗೆ.

ಕಾರಣ ಒಂದಲ್ಲ, ಮೂರು ಇತ್ತು. ಒಂದನ್ನು ಸರಿ ಮಾಡಿದರೆ ಇನ್ನೊಂದು ಅಡ್ಡ ಬರುತ್ತಿತ್ತು, ಅದಕ್ಕೇ ನಾನು ಮನೆಯಲ್ಲಿ ಏನು ಮಾಡಿದರೂ ಆಗಿರಲಿಲ್ಲ.

ಮೊದಲನೆಯದು ಸುಲಭದ್ದು. ಏಪ್ರಿಲ್‌ನ ಸಿಡಿಲಿಗೆ ಮನೆಯ ರೂಟರ್ ಹೋಗಿತ್ತು, ನಮ್ಮ ಕಡೆ ಇದು ಮಾಮೂಲು ಅಲ್ವಾ. ಹಾಗಾಗಿ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಡೇಟಾ ಉಳಿಯಲಿ ಅಂತ ವಿಂಡೋಸ್‌ನಲ್ಲಿ ಅದನ್ನು ಮೀಟರ್ಡ್ ಕನೆಕ್ಷನ್ (ಡೇಟಾ ಮಿತವಾಗಿ ಬಳಸಬೇಕಾದ ಸಂಪರ್ಕ) ಅಂತ ನಾನೇ ಗುರುತು ಮಾಡಿದ್ದೆ. ಹಾಗೆ ಮಾಡಿದರೆ ಸಿಂಕ್ ತಾನಾಗಿಯೇ ನಿಂತುಬಿಡಬಹುದು, ಒನ್‌ಡ್ರೈವ್‌ನಲ್ಲೂ ಹಾಗೆಯೇ. ಅವರ ವೈಫೈಗೆ ಹಾಕಿದ ಕೂಡಲೇ ಫೈಲ್‌ಗಳು ಒಂದೊಂದಾಗಿ ಇಳಿಯತೊಡಗಿದವು, ಆದರೆ ಸುಮಾರು ನಲವತ್ತು ಫೈಲ್ ಹಾಗೆಯೇ ಉಳಿದವು.

ಎರಡನೆಯದು ಹೆಸರು. ವಿಂಡೋಸ್‌ನಲ್ಲಿ ಫೈಲಿನ ಹೆಸರಿಗೆ ಪ್ರಶ್ನಾರ್ಥಕ, ಕೋಲನ್, ನಕ್ಷತ್ರ, ಅಡ್ಡಗೆರೆಯ ಸ್ಲ್ಯಾಷ್, ಜೋಡಿ ಉದ್ಧರಣ ಚಿಹ್ನೆ, ಇವನ್ನೆಲ್ಲ ಹಾಕಲು ಬಿಡುವುದಿಲ್ಲ. ಮ್ಯಾಕ್‌ನಲ್ಲಿ ಪ್ರಶ್ನಾರ್ಥಕ ಹಾಕಿದರೆ ಅದಕ್ಕೆ ಏನೂ ತೊಂದರೆ ಇಲ್ಲ. ಮುಂಬೈಯಿಂದ ಬಂದ ಎಷ್ಟೋ ಫೈಲ್‌ಗೆ "ಇವರು ಯಾರು?" ಅಂತ ಹೆಸರು ಇತ್ತು, ಹಳೇ ಫೋಟೋದಲ್ಲಿ ಗುರುತು ಸಿಗದವರದ್ದು. ಆ ಒಂದು ಚಿಹ್ನೆಗೆ ಫೈಲ್ ಮೇಲೆಯೇ ನಿಂತುಬಿಟ್ಟಿತ್ತು. ಹೆಸರಿನ ಕೊನೆಯಲ್ಲಿ ಬಿಟ್ಟ ಒಂದು ಖಾಲಿ ಜಾಗ ಅಥವಾ ಚುಕ್ಕಿ ಕೂಡ ಇದೇ ಕೆಲಸ ಮಾಡುತ್ತದೆ, ಅದು ಕಣ್ಣಿಗೂ ಕಾಣುವುದಿಲ್ಲ. ಬ್ರೌಸರ್‌ನಲ್ಲೇ ಹೆಸರು ಬದಲಿಸಬೇಕು, ಬದಲಿಸಿದರೆ ಶೇರ್ ಇರುವ ಎಲ್ಲರಿಗೂ ಬದಲಾಗುತ್ತದೆ. ಅದಕ್ಕೆ ಮೊದಲು ಸಮಿತಿಯವರಿಗೆ ಫೋನ್ ಮಾಡಿ ಒಂದು ಮಾತು ಹೇಳಿ ಅಂದರು. ಮಾಡಿದೆ.

ಮೂರನೆಯದು ಕನ್ನಡದಲ್ಲಿ ಕೆಲಸ ಮಾಡುವವರೆಲ್ಲ ತಿಳಿದುಕೊಳ್ಳಬೇಕಾದ್ದು. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಡ್ರೈವಿನ ಹೆಸರಿನಿಂದ ಹಿಡಿದು ಫೋಲ್ಡರ್, ಅದರೊಳಗಿನ ಫೋಲ್ಡರ್, ಕೊನೆಗೆ ಫೈಲಿನ ಹೆಸರು, ಎಲ್ಲ ಸೇರಿ 260 ಅಕ್ಷರದ ಒಳಗೆ ಇರಬೇಕು. ಒನ್‌ಡ್ರೈವ್‌ನಲ್ಲಿ 400ರ ಒಳಗೆ. ಅಷ್ಟು ಸಾಕಲ್ಲವಾ ಅಂತ ಅನ್ನಿಸುತ್ತದೆ. ಆದರೆ ಕಂಪ್ಯೂಟರ್ ನಮ್ಮ ಹಾಗೆ ಎಣಿಸುವುದಿಲ್ಲ. "ಬ್ರ" ನಮಗೆ ಒಂದು ಅಕ್ಷರ, ಅದಕ್ಕೆ ಮೂರು: ಬ, ನಡುವೆ ಕಾಣದ ಹಲಂತ (ಒತ್ತಕ್ಷರ ಮಾಡುವ ಚಿಹ್ನೆ), ಆಮೇಲೆ ರ. ಗುಣಿತವನ್ನೂ ಬೇರೆಯೇ ಎಣಿಸುತ್ತದೆ. "ಬ್ರಹ್ಮಕಲಶೋತ್ಸವ" ನಮ್ಮ ಲೆಕ್ಕಕ್ಕೆ 7 ಅಕ್ಷರ, ಅದರ ಲೆಕ್ಕಕ್ಕೆ 14. ಯಜಮಾನರು ಇದನ್ನು ಒಂದು ಬಿಲ್ಲಿನ ಹಿಂದೆ ಬರೆದು ಒಂದೊಂದಾಗಿ ಎಣಿಸಿ ತೋರಿಸಿದರು. ಇಷ್ಟು ವರ್ಷ ಕನ್ನಡ ಟೈಪ್ ಮಾಡಿಯೂ ನನಗೆ ಇದು ಹೊಳೆದಿರಲಿಲ್ಲ. ನಮ್ಮ ಸಮಿತಿಯ ಫೋಲ್ಡರ್ ಐದು ಹಂತ ಒಳಗೆ ಹೋಗುತ್ತಿತ್ತು. ಒಂದೊಂದು ಹಂತದಲ್ಲೂ ದೇವಸ್ಥಾನದ ಪೂರ್ತಿ ಹೆಸರು, ಜೊತೆಗೆ ಬ್ರಹ್ಮಕಲಶೋತ್ಸವ, ಜೊತೆಗೆ ಸ್ಮರಣ ಸಂಚಿಕೆ.

ಭಕ್ತಿಯಿಂದ ಇಟ್ಟ ಹೆಸರು, ಅದನ್ನು ಕತ್ತರಿಸಲು ನನಗೆ ಮನಸ್ಸಿರಲಿಲ್ಲ. ಅವರಿಗೂ ಅದು ಅರ್ಥವಾಯಿತು. "ಮೇಲಿನ ಫೋಲ್ಡರಿಗೆ ದೇವರ ಹೆಸರು ಪೂರ್ತಿ ಇರಲಿ ಅಕ್ಕ, ಒಳಗಿನದ್ದಕ್ಕೆ ಮಾತ್ರ ಚಿಕ್ಕದು ಮಾಡುವ" ಅಂದರು. ಒಳಗೆ ಬರೀ "ಹೊರೆಕಾಣಿಕೆ", "ಲೇಖನ", "ಜಾಹೀರಾತು" ಅಂತ ಇಟ್ಟೆವು. ಸಿಂಕ್ ಆಗುವ ಜಾಗವನ್ನು ಸೆಟ್ಟಿಂಗ್ಸ್‌ನಿಂದಲೇ ಸಿ ಡ್ರೈವಿನಿಂದ ಡಿ ಡ್ರೈವಿಗೆ ಬದಲಿಸಿದರು. ಕೈಯಿಂದ ಎಳೆದು ಹಾಕಬಾರದಂತೆ. ಇದರಿಂದ ದಾರಿಯೂ ಗಿಡ್ಡವಾಯಿತು, ಜಾಗವೂ ಸಿಕ್ಕಿತು. ನನ್ನ 256 ಜಿಬಿಯ ಸಿ ಡ್ರೈವ್ ಮೊದಲೇ ತುಂಬಿ ಹೋಗಿತ್ತು.

ಸಂಜೆ ಆರಕ್ಕೆ ಕೊನೆಯ ಫೋಟೋ ಇಳಿಯಿತು. ಅದು ನನ್ನ ಅಜ್ಜಿಯ ಓರಗೆಯ ಒಬ್ಬರು ತಲೆ ಮೇಲೆ ಹಿಂಗಾರದ ತಟ್ಟೆ ಹೊತ್ತು ನಡೆಯುವ ಫೋಟೋ, ಸಂಚಿಕೆಯ 14ನೇ ಪುಟದಲ್ಲಿ ಅದನ್ನು ಪೂರ್ತಿ ಪುಟಕ್ಕೆ ಹಾಕಿದ್ದೇನೆ.

ತೆಗೆದುಕೊಂಡದ್ದು 400 ರೂಪಾಯಿ. ನಾಲ್ಕು ಗಂಟೆಯ ಕೆಲಸಕ್ಕೆ ಇದು ತುಂಬ ಕಡಿಮೆ, ನಾನೇ ಜಾಸ್ತಿ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ.

ಸರಿ ಇಲ್ಲದ್ದನ್ನೂ ಹೇಳಬೇಕು. ಫೋನ್ ಮಾಡಿದರೆ ಎತ್ತುವುದು ಕಡಿಮೆ, ನೇರ ಹೋಗುವುದೇ ಒಳ್ಳೆಯದು. ಕೂರಲು ಎರಡೇ ಸ್ಟೂಲ್. ಗಾಡಿ ನಿಲ್ಲಿಸಲು ಅಲ್ಲಿ ಜಾಗವೇ ಇಲ್ಲ, ಸರ್ವಿಸ್ ಬಸ್‌ಸ್ಟ್ಯಾಂಡ್‌ನಲ್ಲಿ ಇಳಿದು ನಡೆದು ಹೋಗಿ. ಮಧ್ಯಾಹ್ನ ಊಟಕ್ಕೆ ಮುಚ್ಚುತ್ತಾರೆ. ನಿಮ್ಮ ಕ್ಲೌಡ್ ಖಾತೆಯ ಪಾಸ್‌ವರ್ಡ್ ನೆನಪಿಟ್ಟುಕೊಂಡು ಹೋಗಿ. ಅವರು ಅದನ್ನು ಕೇಳುವುದಿಲ್ಲ, ನೀವೇ ಟೈಪ್ ಮಾಡಿ ಅಂತ ಆ ಕಡೆ ತಿರುಗಿ ನಿಲ್ಲುತ್ತಾರೆ. ಲ್ಯಾಪ್‌ಟಾಪಿನ ಚಾರ್ಜರ್ ಮರೆಯಬೇಡಿ, ಬ್ಯಾಟರಿ ಸೇವರ್ ಆನ್ ಆದರೂ ಒನ್‌ಡ್ರೈವ್‌ನಂಥವು ಸಿಂಕ್ ನಿಲ್ಲಿಸುತ್ತವೆ.