ಮರವಂತೆಗೆ ಕ್ರೂಸರ್, ಆಗುಂಬೆಗೆ ಸ್ಪೋರ್ಟ್ ಬೈಕ್
ಗೆಳೆಯನ ಅಮೆರಿಕನ್ ಕ್ರೂಸರ್ ಬೈಕ್ ಹಾರ್ಲೆ-ಡೇವಿಡ್ಸನ್, ಅವನ ತಮ್ಮನ ಇಟಲಿಯ ಸ್ಪೋರ್ಟ್ ಬೈಕ್, ಎರಡನ್ನೂ ಉಡುಪಿಯಿಂದ ಓಡಿಸಿ ನೋಡಿದೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಅಲ್ಲಿ ಕಾಲು ಮುಂದೆ ಚಾಚಿ ಆರಾಮಾಗಿ ಕೂತು ಹೋಗುವ ಕ್ರೂಸರ್‌ಗೆ ಸಾಟಿಯೇ ಇಲ್ಲ. ಹಾರ್ಲೆಯ 45 ಡಿಗ್ರಿ ವಿ-ಟ್ವಿನ್ ಎಂಜಿನ್ (ವಿ ಆಕಾರದಲ್ಲಿ ಎರಡು ಸಿಲಿಂಡರ್) ಕಡಿಮೆ ಆರ್‌ಪಿಎಂನಲ್ಲೇ (ನಿಧಾನಕ್ಕೆ ತಿರುಗುವಾಗಲೇ) ಚೆನ್ನಾಗಿ ಎಳೆಯುತ್ತದೆ, ಸುಮ್ನೆ ಗೇರ್ ಬದಲಿಸುತ್ತಾ ಇರಬೇಕಿಲ್ಲ.

ಆಗುಂಬೆ ಘಾಟಿಯಲ್ಲಿ ಕಥೆಯೇ ಬೇರೆ. ಕ್ರೂಸರ್ 300 ಕಿಲೋ ಆಸುಪಾಸು ಭಾರ, ಜಾಸ್ತಿ ವಾಲಿಸಿದರೆ ಫುಟ್‌ಬೋರ್ಡ್ ನೆಲಕ್ಕೆ ಉಜ್ಜುತ್ತದೆ. ಸ್ಪೋರ್ಟ್ ಬೈಕ್ ಸುಮಾರು 200 ಕಿಲೋ. ನೋಡಿದ ಕಡೆಗೆ ತಿರುಗುತ್ತದೆ, ಬ್ರೇಕ್ ಅಂತೂ ಅದ್ಭುತ. ಆದರೆ ಅದರಲ್ಲಿ ಮುಂದಕ್ಕೆ ಬಾಗಿ ಕೂರಬೇಕು, ಘಾಟಿಯ ಕೆಳಗಿನ ಹೆಬ್ರಿಗೆ ವಾಪಸ್ ಬರುವಷ್ಟರಲ್ಲಿ ಮಣಿಕಟ್ಟು ನೋವು.

ದಿನವೂ ಮಂಗಳೂರಿಗೆ ಹೋಗಿಬರುವವರು ಕ್ರೂಸರ್ ತಗೊಳ್ಳಿ. ನನ್ನ ಮನಸ್ಸು ಮಾತ್ರ ಇನ್ನೂ ಆ ತಿರುವುಗಳಲ್ಲೇ ಇದೆ.