'ಈ ಪೈಪ್ ಇವತ್ತೂ ಬೇಕಾ?' ಅಂತ ದಿನಾ ಕೇಳಿ

ಅಪ್ಪನಿಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಆಪರೇಷನ್ ಚೆನ್ನಾಗೇ ಆಯಿತು. ಪ್ರಾಣಕ್ಕೆ ಸಂಚಕಾರ ತಂದದ್ದು ಮೂತ್ರಕ್ಕೆ ಹಾಕಿದ್ದ ಪೈಪು.

ಎರಡನೇ ದಿನಕ್ಕೇ ಅಪ್ಪ ಎದ್ದು ಕೂತಿದ್ದರು. ಆ ಪೈಪು, ಅಂದರೆ ಕ್ಯಾಥೆಟರ್, ಮಾತ್ರ ಎಂಟು ದಿನ ಹಾಗೇ ಇತ್ತು. ಯಾರೂ ತೆಗೆಯಲಿಲ್ಲ, ನಾವೂ ಕೇಳಲಿಲ್ಲ. ಪದೇ ಪದೇ ಎಬ್ಬಿಸಿ ಕರೆದುಕೊಂಡು ಹೋಗುವುದು ತಪ್ಪಿತಲ್ಲ ಅಂತ ಸಮಾಧಾನ ಬೇರೆ. ಪೈಪಿಗೆ ಬ್ಯಾಕ್ಟೀರಿಯಾ ಲೋಳೆಯ ಹಾಗೆ ಅಂಟಿ ಪದರ ಕಟ್ಟುತ್ತದೆ, ಅದರೊಳಕ್ಕೆ ಔಷಧಿ ಸರಿಯಾಗಿ ಇಳಿಯುವುದಿಲ್ಲ, ದಿನ ಕಳೆದಷ್ಟೂ ಅಪಾಯ ಜಾಸ್ತಿ ಅಂತ ಆಗ ಗೊತ್ತಿರಲಿಲ್ಲ.

ಒಂದು ದಿನದ್ದು ಇನ್ನೂ ಕಣ್ಣ ಮುಂದಿದೆ. ಪಕ್ಕದ ಹಾಸಿಗೆಯವರ ಮೂತ್ರದ ಚೀಲ ಖಾಲಿ ಮಾಡಿದವರು ಅದೇ ಗ್ಲೌಸ್‌ನಲ್ಲಿ ಬಂದು ಅಪ್ಪನ ಚೀಲದ ತಿರುಪು ತೆಗೆದರು. ನಾನು ಅಲ್ಲೇ ನಿಂತಿದ್ದೆ. ಗ್ಲೌಸ್ ಇದೆಯಲ್ಲ, ಇನ್ನೇನು ಅಂದುಕೊಂಡೆ. ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವಾಗ ಅದನ್ನು ಬಿಚ್ಚಿ, ಕೈ ಶುಚಿ ಮಾಡಿಕೊಂಡು ಹೊಸದು ಹಾಕಬೇಕು. ಸೋಂಕು ಅಲ್ಲಿಂದಲೇ ಬಂತು ಅಂತ ಸಾಬೀತು ಮಾಡಲು ನನ್ನಿಂದ ಆಗದು. ಆದರೆ ಇಂಥ ಬ್ಯಾಕ್ಟೀರಿಯಾ ಆಸ್ಪತ್ರೆಯಲ್ಲಿ ಹೆಚ್ಚಾಗಿ ಓಡಾಡುವುದು ಕೈಗಳ ಮೇಲೆಯೇ.

ಒಂಬತ್ತನೇ ದಿನ ಮೈ ನಡುಗಿಸುವ ಚಳಿಜ್ವರ. ಬಿಪಿ ಕುಸಿಯಿತು, ಐಸಿಯುಗೆ ಸಾಗಿಸಿದರು. ಮೂರು ದಿನದ ಮೇಲೆ ಕಲ್ಚರ್ ರಿಪೋರ್ಟ್ ಬಂತು, ಅಂದರೆ ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧಿ ನಾಟುತ್ತದೆ ಅಂತ ಬೆಳೆಸಿ ನೋಡಿದ ವರದಿ. ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾ. ಆ್ಯಂಟಿಬಯೋಟಿಕ್‌ಗಳ ಉದ್ದ ಪಟ್ಟಿ, ಸಾಲಾಗಿ 'ಆರ್', 'ಆರ್', 'ಆರ್'. ಅಂದರೆ ರೆಸಿಸ್ಟೆಂಟ್, ಆ ಔಷಧಿ ನಾಟುವುದಿಲ್ಲ. ಮೆರೋಪೆನಮ್ ಅನ್ನೋ ಪ್ರಬಲ ಆ್ಯಂಟಿಬಯೋಟಿಕ್ ಮುಂದೆಯೂ ಅದೇ. ಆ ಮೂರೂ ದಿನ ಅಪ್ಪನಿಗೆ ಕೊಟ್ಟಿದ್ದು ಮೆರೋಪೆನಮ್ಮೇ! ಉಳಿದದ್ದು ಕೊಲಿಸ್ಟಿನ್. 1950ರ ದಶಕದ ಹಳೇ ಔಷಧಿ. ಕಿಡ್ನಿಗೆ ಪೆಟ್ಟು ಅಂತ ಮೂಲೆಗೆ ಸರಿಸಿದ್ದನ್ನು ಬೇರೆ ದಾರಿ ಕಾಣದೆ ಮತ್ತೆ ಹೊರಗೆ ತೆಗೆದಿದ್ದಾರೆ. ಅಪ್ಪನ ಕಿಡ್ನಿಗೂ ಪೆಟ್ಟು ಬಿತ್ತು, ಆದರೆ ಜೀವ ಉಳಿಯಿತು. 2019ರ ಒಂದೇ ವರ್ಷದಲ್ಲಿ ಹೀಗೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ತೀರಿಕೊಂಡರು ಅಂತ ಅಂದಾಜಿದೆ.

ನಿಮ್ಮವರು ಆಸ್ಪತ್ರೆಯಲ್ಲಿದ್ದರೆ ರೌಂಡ್ಸ್‌ಗೆ ಬಂದ ಡಾಕ್ಟರನ್ನು ದಿನಾ ಕೇಳಿ, ಈ ಪೈಪ್ ಇವತ್ತೂ ಬೇಕಾ ಅಂತ. ಕೈಗೆ ಹಾಕಿದ ಡ್ರಿಪ್ ಸೂಜಿಗೂ ಅದೇ ಪ್ರಶ್ನೆ. ಮೂತ್ರದ ಪೈಪನ್ನು ನೀವೇ ಎಳೆಯಲು ಹೋಗಬೇಡಿ, ಒಳಗೆ ಪುಟ್ಟ ಬಲೂನು ಉಬ್ಬಿಸಿರುತ್ತಾರೆ, ಗಾಯವಾಗುತ್ತದೆ. ಚೀಲ ಮೂತ್ರಕೋಶಕ್ಕಿಂತ ಕೆಳಗೇ ಇರಲಿ, ನೆಲಕ್ಕೆ ತಾಗದಿರಲಿ. ಮುಟ್ಟುವ ಮೊದಲು ಕೈ ಶುಚಿ ಮಾಡಿಕೊಳ್ಳಿ ಅಂತ ಹೇಳಲು ಸಂಕೋಚ ಬೇಡ. ನರ್ಸ್‌ಗಳ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಇಡೀ ವಾರ್ಡಿಗೆ ಇಬ್ಬರೇ ಇದ್ದರು. ಮೆಲ್ಲಗೆ ಹೇಳಿದರೂ ಸಾಕು, ಆದರೆ ಹೇಳಿ.

ಇನ್ನೊಂದು ಮಾತು. ಗುಣವಾದ ಮೇಲೂ ಈ ಬ್ಯಾಕ್ಟೀರಿಯಾ ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿಯಬಹುದು, ಬೇರೆ ರೋಗಿಗೂ ದಾಟಬಹುದು. ಅಪ್ಪನ ಆ ರಿಪೋರ್ಟ್ ಈಗಲೂ ನನ್ನ ಬ್ಯಾಗಿನಲ್ಲೇ ಇದೆ. ಎಲ್ಲಿ ತೋರಿಸಲು ಹೋದರೂ ಮೊದಲು ಅದನ್ನೇ ಕೈಗೆ ಕೊಡುತ್ತೇನೆ.