ಮಂಡಿ ಕುಣಿತಕ್ಕೂ ಜಗ್ಗದ ಪಿನ್ ಯಾವುದು?

ಸಾಗರ ಊರಿನ ಸುತ್ತಮುತ್ತ ಯಕ್ಷಗಾನದ ಆಟ, ನಾಟಕಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವುದು ನನ್ನ ಕೆಲಸ. ಈಗೀಗ ಕೆಲವು ತಂಡದವರು ವೇಷಧಾರಿಗೂ ಕೆನ್ನೆ ಮೈಕ್ ಬೇಕು ಅನ್ನುತ್ತಾರೆ. ಸೊಂಟಕ್ಕೆ ಪುಟ್ಟ ಟ್ರಾನ್ಸ್‌ಮಿಟರ್, ಅಲ್ಲಿಂದ ಬೆನ್ನ ಮೇಲೆ ಹಾದು ಕೆನ್ನೆಗೆ ಬರುವ ಸಪೂರ ವೈರು. ಆ ವೈರು ಟ್ರಾನ್ಸ್‌ಮಿಟರ್‌ಗೆ ಸೇರುವ ಪಿನ್ ಇದೆಯಲ್ಲ, ನನ್ನ ತಲೆನೋವೆಲ್ಲ ಅಲ್ಲೇ. ಮೂರು ಥರದ್ದು ಬಳಸಿ ನೋಡಿದೆ.

ಮೊದಲು ಕೊಂಡದ್ದು ಸ್ಕ್ರೂ ಇರುವ 3.5 ಮಿ.ಮೀ. ಜಾಕ್. ಸೆನ್‌ಹೈಸರ್ ಕಂಪನಿಯ ಇಡಬ್ಲ್ಯೂ ಸರಣಿಯ ಮೈಕ್‌ಗಳಲ್ಲಿ ಬರುತ್ತದಲ್ಲ, ಅಂಥದ್ದು. ಇಯರ್‌ಫೋನ್ ಪಿನ್ನಿನ ಹಾಗೇ ಇರುತ್ತದೆ, ಸುತ್ತ ಒಂದು ಬಳೆ. ತಿರುಗಿಸಿ ಬಿಗಿ ಮಾಡಿದರೆ ಅಲ್ಲಾಡುವುದಿಲ್ಲ. ಮಾಡಿದರೆ! ಒಂದು ರಾತ್ರಿ ವೇಷ ಕಟ್ಟುವ ಚೌಕಿಯಲ್ಲಿ ಗಡಿಬಿಡಿ, ಅರ್ಧ ಸುತ್ತು ಹಾಗೇ ಬಿಟ್ಟೆ. ಅಭಿಮನ್ಯುವಿನ ವೇಷಧಾರಿ ಮಂಡಿ ಹಾಕಿ, ಅಂದರೆ ಮೊಣಕಾಲೂರಿ, ಗಿರಗಿರ ತಿರುಗತೊಡಗಿದ. ಐದಾರು ಸುತ್ತಿಗೇ ಬಳೆ ಸಡಿಲ, ಸ್ಪೀಕರಿನಲ್ಲಿ ಪಟಪಟ ಪಟಪಟ. ಭಾಗವತರು ಪದ ನಿಲ್ಲಿಸದೆ ನನ್ನತ್ತ ನೋಡಿದ ನೋಟ ಇನ್ನೂ ನೆನಪಿದೆ. ಇನ್ನೊಂದು ಪೇಚು: ಸೋನಿಯ ಸ್ಕ್ರೂ ಜಾಕ್ ಕಣ್ಣಿಗೆ ಅದೇ ಥರ, ಒಳಗಿನ ವೈರಿಂಗ್ ಬೇರೆ.

ಎರಡನೆಯದು ಒಂದು ಕಂಪನಿಯ ಸ್ವಂತ ಕನೆಕ್ಟರ್. ಹೆಸರು ಬೇಡ. ಸುಳ್ಳು ಹೇಳಬಾರದು, ಹಿಡಿತದಲ್ಲಿ ಇದೇ ಮೇಲು. ಆದರೆ ಸೀಸನ್ ನಡುವೆ ಪಿನ್ನಿನ ಕುತ್ತಿಗೆಯಲ್ಲೇ ವೈರು ತುಂಡಾಯಿತು. ಬಿಚ್ಚಲು ಬರುವುದಿಲ್ಲ, ಎರಕ ಹೊಯ್ದಂತಿದೆ. ಶಿವಮೊಗ್ಗದಲ್ಲಿ ಅರ್ಧ ದಿನ ಅಂಗಡಿ ಅಂಗಡಿ ಸುತ್ತಿದೆ, ಅಂಥ ಪಿನ್ ಯಾರ ಹತ್ತಿರವೂ ಇಲ್ಲ. ಮೈಕೇ ಹೊಸದು ತರಿಸಿದೆ.

ಈಗ ನನ್ನ ಕೈಯಲ್ಲಿ ಜಾಸ್ತಿ ಓಡಾಡುವುದು ನಾಲ್ಕು ಪಿನ್ನಿನ ಮಿನಿ ಎಕ್ಸ್‌ಎಲ್‌ಆರ್, ಮೈಕ್ ವೈರಿನ ದುಂಡು ಕನೆಕ್ಟರಿನ ಪುಟ್ಟ ರೂಪ. ಶೂರ್ ಕಂಪನಿಯ ಬಾಡಿಪ್ಯಾಕ್‌ಗಳಲ್ಲಿ, ಅಂದರೆ ಸೊಂಟದ ಟ್ರಾನ್ಸ್‌ಮಿಟರ್‌ಗಳಲ್ಲಿ, ಇರುವುದು ಇದು. ಒತ್ತಿದರೆ ಟಕ್ ಅನ್ನುತ್ತದೆ. ಆ ಸದ್ದು ಕೇಳಿದರೆ ಕತ್ತಲಲ್ಲೂ ಧೈರ್ಯ. ಖಾಲಿ ಪಿನ್ ಬಿಡಿಯಾಗಿ ಸಿಗುತ್ತದೆ, ಬಿಚ್ಚಿ ನಾನೇ ಬೆಸುಗೆ ಹಾಕುತ್ತೇನೆ. ಒಂದನೇ ಪಿನ್ನಿಗೆ ಗ್ರೌಂಡ್, ಎರಡರಲ್ಲಿ ಮೈಕಿಗೆ ಬೇಕಾದ 5 ವೋಲ್ಟ್, ಮೂರರಲ್ಲಿ ಧ್ವನಿ. ನಾಲ್ಕನ್ನು ಮೂರಕ್ಕೆ ಸೇರಿಸುವುದು ಮರೆಯಬಾರದು. ಇದೂ ಎಲ್ಲ ಕಡೆ ಒಂದೇ ಅಲ್ಲ ಮತ್ತೆ. ಎಕೆಜಿ ಕಂಪನಿಯದ್ದು ಮೂರು ಪಿನ್, ಇದಕ್ಕೆ ಕೂರುವುದೇ ಇಲ್ಲ.

ಕೊರತೆ ಇಲ್ಲದಿಲ್ಲ. ದಪ್ಪ ಜಾಸ್ತಿ, ವೇಷಧಾರಿ ಕೂತಾಗ ಸೊಂಟಕ್ಕೆ ಒತ್ತುತ್ತದೆ. ಹಾಗೆ ಒತ್ತಿದಾಗ ಬಿಚ್ಚುವ ಗುಂಡಿಯೂ ಅದುಮಿಕೊಂಡೀತು ಎಂದು ಮೇಲೆ ಒಂದು ಸುತ್ತು ಟೇಪ್ ಹಾಕುತ್ತೇನೆ. ನಮ್ಮ ಮಳೆಗಾಲದ ತಂಡಿಗೆ ಪೆಟ್ಟಿಗೆಯಲ್ಲೇ ಕಿಲುಬು ಹಿಡಿಯುವುದಂತೂ ಮೂರಕ್ಕೂ ತಪ್ಪಿದ್ದಲ್ಲ.

ಸ್ಕ್ರೂ ಜಾಕಿನ ಸೆಟ್ ಮಾರಿಲ್ಲ. ವೇಷ, ಕುಣಿತ ಇಲ್ಲದೆ ಕೂತೇ ಅರ್ಥ ಹೇಳುವ ತಾಳಮದ್ದಳೆಗೆ ಇಟ್ಟುಕೊಂಡಿದ್ದೇನೆ. ಅಲ್ಲಿ ಯಾರೂ ಮಂಡಿ ಹಾಕುವುದಿಲ್ಲ, ಅಲ್ವಾ?